ನಾಲ್ಕು ತಂತಿವಾದ್ಯ, ಒಂದು ಪೊರಕೆ

ರೇಡಿಯೊದಲ್ಲಿ ಯಾವ ಸಂಗೀತ ಬಂದರೂ ಅದು ಇಂಥವರದೇ ಎಂದು ಎರಡು ಉಸಿರಿನೊಳಗೆ ಹೇಳಬಲ್ಲವನು ಮೊಂತೆವಿದೇಯೊ ನಗರದಲ್ಲಿ ನಾನೊಬ್ಬನೇ. ಬಾನುಲಿಯ ನಿರೂಪಕರು ನನಗೆ ಹೆದರಿಯೇ ಹೆಸರುಗಳನ್ನು ತಪ್ಪಿಲ್ಲದೆ ಓದುತ್ತಾರೆ ಎಂಬುದು ಬಂದರಿನ ಹಡಗುಗಳಿಗೂ ಗೊತ್ತು.

ಆ ಭಾನುವಾರ ಮಧ್ಯಾಹ್ನ ಅಡುಗೆಮನೆಯ ರೇಡಿಯೊ ಹಾಕಿದಾಗ ನಾಲ್ಕು ತಂತಿವಾದ್ಯಗಳ ಹೊಸ ಕೃತಿಯೊಂದು ಆಗಲೇ ಅರ್ಧ ದಾರಿಯಲ್ಲಿತ್ತು. ಪಿಟೀಲುಗಳು ಬೆಕ್ಕುಗಳಂತೆ ಕಚ್ಚಾಡುತ್ತಿದ್ದವು, ದಪ್ಪ ದನಿಯ ಚೆಲ್ಲೊ ನಮ್ಮ ಕಟ್ಟಡದ ಲಿಫ್ಟಿನಂತೆ ನರಳುತ್ತಿತ್ತು.

"ಪೋಲೆಂಡಿನವನದು," ಎಂದೆ.

ಹೆಂಡತಿ ಮಾಬೆಲ್ ಸೋರೆಬುರುಡೆಗೆ ಬಿಸಿನೀರು ಹೊಯ್ದು ಮಾಟೆ ಕಷಾಯ ಮುಂದೆ ಚಾಚಿದಳು. "ಹೋದ ವಾರಾನೂ ಹಿಂಗೇ ಅಂದೆ, ಮುದುಕಾ. ಅದು ಟೂತ್‌ಪೇಸ್ಟ್ ಜಾಹೀರಾತು."

ಅಷ್ಟರಲ್ಲಿ ವಾದಕರು ನುಡಿಸುವುದು ಬಿಟ್ಟು ವಾದ್ಯದ ಮೈಯನ್ನೇ ಕುಟ್ಟಿದರು. ಮೂರು ಜೋರು ಪೆಟ್ಟು. ಬಿಡುವು. ಎರಡು ಮೆತ್ತಗೆ. ಕೊನೆಗೊಂದು, ಗೋಡೆ ಬೀಳುವಂಥದ್ದು.

ಆ ಪೆಟ್ಟುಗಳು ನನ್ನವು. ಮೇಲಿನ ಮನೆಯ ಇರ್ಮಾ ಬೆಂತಾಂಕುರ್ ಪಿಯಾನೊ ಮುಂದೆ ಕೂತು ಸಂಗೀತ ಬರೆಯುವಾಗಲೆಲ್ಲ ನಾನು ಪೊರಕೆಯ ಹಿಡಿಯಿಂದ ಛಾವಣಿಗೆ ಹೊಡೆಯುವುದು ಹೀಗೆಯೇ: ಬಲಗೈಯಿಂದ ಮೂರು, ಭುಜ ಹಿಡಿದುಕೊಂಡಿತೆಂದು ಎಡಗೈಯಿಂದ ಎರಡು, ಆಮೇಲೆ ಎರಡೂ ಕೈ ಸೇರಿಸಿ ಒಂದು. ಅಂಥ ಪೆಟ್ಟು ಹೊಡೆಯಬಲ್ಲ ಇನ್ನೊಂದು ಜೋಡಿ ತೋಳು ದಕ್ಷಿಣ ಅಮೆರಿಕದಲ್ಲೇ ಇಲ್ಲ.

"ಪೋಲೆಂಡಿನವನು ನಿನ್ನ ಪೊರಕೆ ಎಲ್ಲಿ ಕೇಳಿಸ್ಕೊಂಡನೋ?" ಎಂದಳು ಮಾಬೆಲ್.

ಬರೆದವರ ಹೆಸರು ಹೇಳುವ ಮೊದಲೇ ಫುಟ್‌ಬಾಲ್ ಪಂದ್ಯ ಶುರುವಾಯಿತು. ನನಗೆ ಹೆಸರು ಬೇಕಿರಲಿಲ್ಲ. ಸಂಜೆಯೇ ಕಟ್ಟಡದ ಸಭೆ ಇತ್ತು, ಇರ್ಮಾಳ ಪಿಯಾನೊ ಹೊರಹಾಕಿಸಲು. ದೂರುದಾರ ನಾನೊಬ್ಬನೇ.

ಸಭೆಗೆ ಪೊರಕೆ ಹಿಡಿದೇ ಹೋದೆ. ಅಧ್ಯಕ್ಷ ಎಲ್ಬಿಯೊ ಕೈ ಉಜ್ಜಿಕೊಂಡ. "ಹೇಳಿ ವಾಲ್ದೆಮಾರ್ ಅವ್ರೇ, ಆ ಪಿಯಾನೊ ನಿಮ್ಗೆ ಎಷ್ಟು ಹಿಂಸೆ ಕೊಟ್ಟಿದೆ ಅಂತ."

ಇರ್ಮಾ ಆಗಲೇ ಮನೆ ಬಿಟ್ಟವಳಂತೆ ಕೋಟು ತೊಟ್ಟೇ ಕೂತಿದ್ದಳು. ನಾನು ಪೊರಕೆಯ ಹಿಡಿಯಿಂದ ನೆಲ ಕುಟ್ಟಿದೆ: ಮೂರು, ಎರಡು, ಒಂದು.

ಅವಳ ಮುಖ ಕೆಂಪಾಯಿತು. "ರೇಡಿಯೊ ಕೇಳಿದ್ರಾ? ನಿಮ್ಮನ್ನ ಕೇಳ್ದೆ ಸೇರಿಸ್ಬಿಟ್ಟೆ. ಎಷ್ಟು ಸಲ ಅಳಿಸಿದ್ರೂ ನೀವು ಮತ್ತೆ ಹೊಡೀತಿದ್ರಿ. ಬೇಡ ಅಂದ್ರೆ ತೆಗೀತೀನಿ."

"ಒಂದು ಪೆಟ್ಟು ತೆಗೆದ್ರೂ ಕೋರ್ಟಿಗೆ ಹೋಗ್ತೀನಿ. ಎಲ್ಬಿಯೊ, ನನ್ನ ದೂರು ವಾಪಸ್. ಆ ಪಿಯಾನೊ ಹೋದ್ರೆ ನಾನು ಯಾರ ಜೊತೆ ನುಡಿಸ್ಲಿ?"

"ಕೊಡಲಿ ತಗೊಂಡು ಒಡೀತೀನಿ ಅಂದಿದ್ದು ನೀವೇ ತಾನೆ?" ಎಂದ ಎಲ್ಬಿಯೊ.

"ಅಂದಿದ್ದೆ. ನನ್ನ ಪೊರಕೆ ಬರೋವರೆಗೂ ಆ ಸಂಗೀತದಲ್ಲಿ ಈಗ್ಲೂ ಏನೂ ಇಲ್ಲ."

ದೂರುದಾರನಿಲ್ಲದೆ ನಿರ್ಣಯವಿಲ್ಲ ಎಂಬುದು ಎಲ್ಬಿಯೊ ತಾನೇ ಮಾಡಿದ್ದ ನಿಯಮ. ಮುಖ ಸಿಂಡರಿಸಿಕೊಂಡು ಸಭೆ ಮುಗಿಸಿದ.

ಮೆಟ್ಟಿಲಲ್ಲಿ ಇರ್ಮಾ ಮೆಲ್ಲನೆ ಅಂದಳು, "ಮಧ್ಯದ ಎರಡು ಪೆಟ್ಟು ಇನ್ನೂ ಸ್ವಲ್ಪ ಮೆತ್ತಗಿದ್ರೆ..."

"ಮೆತ್ತಗೆ ಬೇಕಾದ್ರೆ ಚೆಲ್ಲೊದವನಿಗೆ ಹೇಳಮ್ಮ."

ಮನೆ ಸೇರುವಷ್ಟರಲ್ಲಿ ಮೇಲೆ ಪಿಯಾನೊ ಶುರುವಾಗಿತ್ತು. ನಾನು ಕುರ್ಚಿ ಹತ್ತಿ ನಿಂತು, ಮಧ್ಯದ ಆ ಎರಡು ಪೆಟ್ಟನ್ನೂ ಮೊದಲಿಗಿಂತ ಜೋರಾಗಿಯೇ ಹೊಡೆದೆ.