ಪಾಚಿಬಂಡೆ

ಮೂರನೆಯ ಮೀನಿನ ಹೊಟ್ಟೆ ಸೀಳಿದವನೇ ಐಮೊ ಚೂರಿಯನ್ನು ಕೆಳಗಿಟ್ಟ. ಮೇಜಿಗೆ ಹಾಸಿದ್ದ ಹಳೆಯ ಪತ್ರಿಕೆಯ ಮೇಲೆ ಕರುಳಿನ ಜೊತೆ ಜಾರಿಬಿದ್ದದ್ದನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದ. ಬೂದು ಬಣ್ಣದ, ಹಲವು ಕಾಲುಗಳ ನೀರ್ಹೇನುಗಳ ಅರೆ ಜೀರ್ಣವಾದ ಮುದ್ದೆ; ಅದರಲ್ಲಿ ಸಿಕ್ಕಿಕೊಂಡು ಕಪ್ಪು ಪಾಚಿಯ ಒಂದೆರಡು ಎಳೆ.

ಮೊದಲ ಎರಡು ಮೀನುಗಳಲ್ಲಿ ಇದಿರಲಿಲ್ಲ. ಒಂದರ ಹೊಟ್ಟೆಯಲ್ಲಿ ಕೆಂಪು ಹುಳುಗಳಿದ್ದವು; ಅದನ್ನು ಅವನು ಬೆಳಿಗ್ಗೆ ಕೆಸರುಕೊಲ್ಲಿಯಲ್ಲಿ ಹಿಡಿದಿದ್ದ. ಇನ್ನೊಂದರಲ್ಲಿ ಬೆಳ್ಳಿ ಬಣ್ಣದ ಮರಿಮೀನು. ಅದು ನಡುನೀರಿನ ಮರಳುತಳದ್ದು. ಈ ಮೂರನೆಯದು ಹಸುದ್ವೀಪದ ಹಿಂದೆ, ಪಾಚಿಬಂಡೆಯ ಬಳಿ ಸಿಕ್ಕಿದ್ದು. ಪ್ರತಿ ಮೀನೂ ತಾನಿದ್ದ ಸ್ಥಳವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಡುಗೆಮನೆಯವರೆಗೆ ಬಂದಿತ್ತು.

ಎಪ್ಪತ್ತು ದಾಟಿದ ಐಮೊ ಮೀನು ಬಿಡಿಸಿದ್ದು ಇದೇ ಮೊದಲು. ಹಿಡಿಯುವುದು ಅವನ ಕೆಲಸ, ಬಿಡಿಸುವುದು ಹಿಲ್ಯಾಳದು. ಮದುವೆಯ ಹೊಸದರಲ್ಲೇ ಮಾತಿಲ್ಲದೆ ಆದ ಒಪ್ಪಂದ ಅದು. ಕಳೆದ ಶರತ್ಕಾಲದಲ್ಲಿ, ಸರೋವರ ಹೆಪ್ಪುಗಟ್ಟುವ ಮುನ್ನವೇ, ಹಿಲ್ಯಾ ತೀರಿಕೊಂಡಳು. ಚಳಿಗಾಲವಿಡೀ ಅವನು ಹಿಡಿದ ಮೀನನ್ನು ಮಂಜುಗಡ್ಡೆಯಲ್ಲಿ ಕೊರೆದ ತೂತಿನೊಳಕ್ಕೇ ಮತ್ತೆ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಇವತ್ತು ಯಾಕೋ ಹುರಿದ ಮೀನಿನ ಆಸೆಯಾಗಿತ್ತು.

"ಇವತ್ತು ಹಸುದ್ವೀಪದ ಹಿಂದೆ ಕೂತಿದ್ಯಲ್ಲ, ಮುದುಕ?"

ಎಷ್ಟೋ ಚಳಿಗಾಲಗಳ ಹಿಂದೆ, ಇದೇ ಮೇಜಿನ ಮುಂದೆ, ಅವನಿಗೆ ಬೆನ್ನು ಮಾಡಿ ನಿಂತು ಹಿಲ್ಯಾ ಕೇಳಿದ್ದ ಮಾತು. ಆಗ ಇಬ್ಬರೂ ಮುದುಕರಾಗಿರಲಿಲ್ಲ.

"ನಿಂಗ್ಯಾರು ಹೇಳಿದ್ದು?"

"ಹೇಳೋರು ಹೇಳಿದ್ರು," ಎಂದು ಅವಳು ನಕ್ಕಿದ್ದಳು. "ಬಾಯಿ ತೆರೆದು ಹೇಳಿದ್ರು."

ಅವನು ಮುಂದೆ ಕೇಳಲಿಲ್ಲ. ಕೇಳಬೇಕಾದ ಅಗತ್ಯವೇ ಇಲ್ಲವೆಂದು ಅವನಿಗೆ ಅನ್ನಿಸಿತ್ತು.

ಪಾಚಿಬಂಡೆಯನ್ನು ಕಂಡುಹಿಡಿದವನು ಅವನೇ. ಒಂದು ಇಡೀ ಚಳಿಗಾಲ ತೂತಿನ ಮೇಲೆ ತೂತು ಕೊರೆದು, ದಾರದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಕಾಣದ ತಳವನ್ನು ಬೆರಳಿನಿಂದ ಓದುತ್ತ ಹೋಗಿದ್ದ. ಮರಳಾದರೆ ಗುಂಡು ಟಕ್ಕೆಂದು ನಿಲ್ಲುತ್ತದೆ. ಜೇಡಿಯಾದರೆ ಅಂಟಿಕೊಳ್ಳುತ್ತದೆ. ಕೆಸರು ಅದನ್ನು ಸದ್ದಿಲ್ಲದೆ ನುಂಗುತ್ತದೆ. ಸತ್ತ ಜೊಂಡು ಎಳೆದ ಕೂಡಲೆ ಮುರಿಯುತ್ತದೆ. ಜೀವವಿರುವ ಪಾಚಿ ಮಾತ್ರ ಗುಂಡನ್ನು ಒಂದು ಕ್ಷಣ ಹಿಡಿದುಕೊಂಡು, ನಿದ್ದೆಹೋದ ಮಗು ಬೆರಳು ಬಿಡುವಂತೆ, ಮೆಲ್ಲಗೆ ಬಿಡುತ್ತದೆ. ಆ ಹಿಡಿತ ಬೆರಳಿಗೆ ತಿಳಿದ ದಿನ ಅವನು ಮಂಜುಗಡ್ಡೆಯ ಮೇಲೆ ಒಬ್ಬನೇ ನಕ್ಕಿದ್ದ. ಪಾಚಿ ಜೀವಂತವಿದ್ದಲ್ಲಿ ನೀರಿಗೆ ಉಸಿರಿರುತ್ತದೆ, ಉಸಿರಿದ್ದಲ್ಲಿ ಮೀನಿರುತ್ತದೆ.

ಆ ಜಾಗವನ್ನು ತೋರಿಸಿದ್ದು ಒಬ್ಬನಿಗೆ ಮಾತ್ರ. ಮರದ ಕಾರ್ಖಾನೆಯಲ್ಲಿ ಒಂದೇ ಗರಗಸದ ಎರಡು ಬದಿಗೆ ನಿಂತು ದುಡಿದ ಟೌನೊನಿಗೆ. ಅದೂ ಬಾಯಿಬಿಟ್ಟಲ್ಲ, ಗದ್ದ ಎತ್ತಿ ದ್ವೀಪದ ಕಡೆ ತೋರಿಸಿದ್ದ, ಅಷ್ಟೆ. ಈ ಸರೋವರದ ದಂಡೆಯಲ್ಲಿ ಒಬ್ಬನ ಸಂಬಳ ಕೇಳಬಹುದು, ಕಾಯಿಲೆ ಕೇಳಬಹುದು. ಎಲ್ಲಿ ತೂತು ಕೊರೆದೆ ಎಂದು ಮಾತ್ರ ಕೇಳಬಾರದು. ಅಂಥ ಗುಟ್ಟನ್ನು ಟೌನೊ ಹೆಂಗಸರ ಮುಂದೆ ಉದುರಿಸಿದನಲ್ಲ ಎಂದುಕೊಂಡ ಐಮೊ ಜಗಳವಾಡಲಿಲ್ಲ. ಮರುದಿನ ಗೆಳೆಯನ ಪಕ್ಕ ಬಿಟ್ಟು ಬೇರೆ ಕಡೆ ಹೋಗಿ ಕೂತ. ಟೌನೊ ದೂರದಿಂದ ಕೈಯೆತ್ತಿದರೆ ಇವನೂ ಎತ್ತುತ್ತಿದ್ದ, ಹತ್ತಿರ ಹೋಗುತ್ತಿರಲಿಲ್ಲ. ಫಿನ್‌ಲ್ಯಾಂಡಿನ ಈ ಸೀಮೆಯ ಗಂಡಸರಲ್ಲಿ ಮೌನ ಎಲ್ಲಿ ಮುಗಿದು ಮುನಿಸು ಎಲ್ಲಿ ತೊಡಗುತ್ತದೆಂದು ಹೇಳುವುದು ಕಷ್ಟ. ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಹಿಲ್ಯಾ ಮಾತ್ರ ಒಂದು ಶನಿವಾರ, ಹಬೆಸ್ನಾನದ ಸೌನಾಕ್ಕೆ ಒಲೆ ಹೊತ್ತಿಸುತ್ತ, ಕೇಳಿದ್ದಳು: "ಟೌನೊ ಯಾಕೆ ಸೌನಾಕ್ಕೆ ಬರೋದೇ ಬಿಟ್ಟ?"

"ಪುರುಸೊತ್ತಿಲ್ವಂತೆ," ಎಂದಿದ್ದ ಐಮೊ.

ಅವಳ ಮಣ್ಣಿಗೆ ಟೌನೊ ಬಂದಿದ್ದ. ಹಿಂದಿನ ಸಾಲಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದು, ಕಾಫಿಗೆ ನಿಲ್ಲದೆ ಹೊರಟುಹೋಗಿದ್ದ.

ಐಮೊ ಪಾಚಿಯ ಎಳೆಯನ್ನು ಚೂರಿಯ ತುದಿಯಿಂದ ಬಿಡಿಸಿ ಬೆಳಕಿಗೆ ಹಿಡಿದ. ಹಿಲ್ಯಾ ಇದೇ ಸರೋವರದಲ್ಲಿ ಬಲೆ ಹಾಕುತ್ತಿದ್ದವನ ಮಗಳು. ಕಪ್ಪು ಪಾಚಿ ಬೆಳೆಯುವುದು ತಳದಿಂದ ಊಟೆ ಉಕ್ಕುವ ಆ ಒಂದೇ ಕಡೆ ಎಂಬುದು ಲಂಗ ತೊಡುವ ವಯಸ್ಸಿನಿಂದಲೂ ಅವಳಿಗೆ ಗೊತ್ತಿದ್ದೀತು. ಅವನು ಬೆರಳ ತುದಿಯಿಂದ ಓದುತ್ತಿದ್ದ ತಳವನ್ನೇ ಅವಳು ಪ್ರತಿ ಸಂಜೆ ಚೂರಿಯ ತುದಿಯಿಂದ ಓದುತ್ತಿದ್ದಳು. ಬಾಯಿ ತೆರೆದು ಹೇಳಿದವರು ಈ ಪತ್ರಿಕೆಯ ಮೇಲೆ ಈಗಲೂ ಬಾಯಿ ತೆರೆದುಕೊಂಡೇ ಬಿದ್ದಿದ್ದರು.

ಬಾಣಲೆ ಅಂದು ಒಲೆಗೆ ಏರಲಿಲ್ಲ.

ಮರುದಿನ ಬೆಳಿಗ್ಗೆ ದಡದ ಬಳಿ ಮಂಜುಗಡ್ಡೆ ಕರಗಿ ಬಿರುಕು ಅಗಲವಾಗಿತ್ತು. ಯಾರೋ ಹಲಗೆ ಹಾಕಿದ್ದರು. ಅದನ್ನು ದಾಟಿ ಐಮೊ ನಡೆದ. ನಡುನೀರಿನ ಬಯಲಿನಲ್ಲಿ, ಎಂದಿನ ಜಾಗದಲ್ಲಿ, ಟೌನೊ ಸ್ಟೂಲಿನ ಮೇಲೆ ಬೆನ್ನು ಬಾಗಿಸಿ ಕೂತಿದ್ದ. ಐಮೊ ಬಂದು ಪಕ್ಕದಲ್ಲಿ ನಿಂತರೂ ತಲೆಯೆತ್ತಲಿಲ್ಲ.

"ಕಚ್ತಾ ಇದ್ಯಾ?"

"ಇಲ್ಲ."

ಗಾಳಿ ಬೀಸಿತು.

"ಟೌನೊ, ಒಂದು ಮಾತಿತ್ತು."

"ಗಡ್ಡೆ ಕರಗೋಕೆ ಮುಂಚೆ ಹೇಳಿಬಿಡು ಮತ್ತೆ."

"ಪಾಚಿಬಂಡೆ ವಿಷಯ ಹಿಲ್ಯಾಗೆ ನೀನು ಹೇಳಿದ್ದೆ ಅಂದ್ಕೊಂಡಿದ್ದೆ ನಾನು."

ಟೌನೊ ದಾರವನ್ನು ಒಮ್ಮೆ ಮೇಲೆತ್ತಿ ಇಳಿಬಿಟ್ಟ. "ಅದಕ್ಕಾ ನಿನ್ನ ಮುನಿಸು?"

"ಅದಕ್ಕೇ."

"ನಾನು ಬೈರಿಗೆಗೆ ಅಂದ್ಕೊಂಡಿದ್ದೆ."

"ಯಾವ ಬೈರಿಗೆ?"

"ನಿಂದೇ ಮಾರಾಯ, ತೂತು ಕೊರೆಯೋದು. ಆ ವರ್ಷ ಇಸ್ಕೊಂಡು ಹೋಗಿ, ಕಲ್ಲಿಗೆ ಹೊಡೆಸಿ, ಅಲಗು ಮುಕ್ಕು ಮಾಡಿದ್ನಲ್ಲ. ಬಾಯಲ್ಲಿ ಹೇಳೋಕೆ ನಾಚಿಕೆಯಾಗಿ, ಹೊಸ ಅಲಗು ಹಾಕಿಸಿ ನಿನ್ನ ಸೌನಾ ಬಾಗಿಲಿಗೆ ಒರಗಿಸಿ ಬಂದೆ. ಆಮೇಲೂ ನೀನು ಬರಲಿಲ್ಲ. ಇನ್ನೇನು ಮಾಡ್ಲಿ?"

"ಅಲಗು ಹಿಲ್ಯಾ ಹಾಕಿಸಿದ್ಲು ಅಂತ ತಿಳ್ಕೊಂಡಿದ್ದೆ."

"ಸರಿಹೋಯ್ತು." ಟೌನೊ ಮೊದಲ ಬಾರಿಗೆ ಮುಖವೆತ್ತಿದ. ಕಣ್ಣಲ್ಲಿ ಗಾಳಿಗೆ ಬಂದ ನೀರಿತ್ತು. "ಮತ್ತೆ ಅವಳಿಗೆ ಹೇಳಿದ್ಯಾರು?"

"ಮೀನು."

ಐಮೊ ನೀರ್ಹೇನಿನ ಕತೆ ಹೇಳಿದ; ಪಾಚಿಯ ಕತೆ ಹೇಳಿದ. ಟೌನೊ ನಗತೊಡಗಿದ. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ನೆಟ್ಟಗೆ ಕೇಳಬಾರದಿತ್ತಾ, ಕತ್ತೆ?"

"ಯಾರನ್ನ?"

"ನನ್ನ. ಅವಳನ್ನ. ಯಾರನ್ನಾದರೂ."

ಟೌನೊ ಕೈಗವಸು ಕಳಚಿ ಮೂಗು ಒರೆಸಿಕೊಂಡ. ಆಮೇಲೆ, ದ್ವೀಪದ ಕಡೆ ನೋಡದೆ ಕೇಳಿದ:

"ಈಗಲೂ ಇದಾವಾ ಅಲ್ಲಿ?"

"ಏನು?"

"ಮೀನು. ಬಂಡೆ ಹತ್ರ."

ಐಮೊ ಅವನನ್ನೇ ನೋಡಿದ. ಹುಲ್ಲುಕಡ್ಡಿಯೂ ಇಲ್ಲದ ಈ ಮರಳಿನ ಮೇಲೆ, ದಾರಿತಪ್ಪಿ ಬರುವ ಮೀನಿಗಾಗಿ, ಇವನು ಇಷ್ಟು ಚಳಿಗಾಲ ಕೂತಿದ್ದ. ಬಂಡೆಯಾದರೋ ಕೂಗಳತೆಯ ದೂರದಲ್ಲಿತ್ತು.

"ನೀನು ಹೋಗೇ ಇಲ್ವಾ?"

"ನಿನ್ನ ಜಾಗ ಅಲ್ವಾ ಅದು," ಎಂದ ಟೌನೊ.

"ಏಳು. ಹೋಗೋಣ."

"ಈಗಲಾ?" ಟೌನೊ ಕೊನೆಗೂ ಆ ಕಡೆ ತಿರುಗಿದ. ದ್ವೀಪದ ಹಿಂದೆ ಮಂಜುಗಡ್ಡೆ ಒದ್ದೆ ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. "ಊಟೆ ಕೆಳಗಿಂದ ತಿಂದುಬಿಟ್ಟಿದೆ. ನೋಡು, ಹೇಗೆ ಕಪ್ಪಗಾಗಿದೆ."

"ನಿನ್ನೆ ನಾನು ಅಲ್ಲೇ ಕೂತಿದ್ದೆ."

"ನಿನ್ನೆದು ನಿನ್ನೆಗೆ. ರಾತ್ರಿಯಿಂದ ತೆಂಕಣದ ಬೆಚ್ಚನೆ ಗಾಳಿ ಬೀಸ್ತಾ ಇದೆ." ಮೊಣಕಾಲು ಉಜ್ಜಿಕೊಂಡ. "ಇದೂ ನನ್ನ ಮಾತು ಕೇಳೋಲ್ಲ."

ಮುಂದಿನ ವರ್ಷ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ.

ಐಮೊ ಟೌನೊನ ತೂತಿನಿಂದ ತುಸು ಆಚೆಗೆ ಬೈರಿಗೆ ಊರಿ ತಿರುಗಿಸಿದ. ಗಡ್ಡೆ ಸಡಿಲವಾಗಿತ್ತು, ಬೇಗನೆ ನೀರು ಉಕ್ಕಿತು. ಗಾಳ ಇಳಿಬಿಟ್ಟ. ಗುಂಡು ಮರಳಿಗೆ ಹೋಗಿ ತಾಗಿತು. ಹುಲ್ಲಿಲ್ಲ, ಪಾಚಿಯಿಲ್ಲ, ಹಿಡಿದುಕೊಳ್ಳುವಂಥದ್ದು ಯಾವುದೂ ಇಲ್ಲ. ಅವನ ಬೆರಳು ಅದನ್ನು ತಿಳಿದೂ ದಾರವನ್ನು ಹಾಗೆಯೇ ಬಿಟ್ಟಿತು.

ಬಿಸಿಲು ಏರಿತು. ಮಂಜುಗಡ್ಡೆಯ ಮೇಲೆ ಕರಗಿದ ನೀರು ಎಲ್ಲಿಂದಲೋ ದಾರಿ ಮಾಡಿಕೊಂಡು ಬಂದು, ಹೊಸ ತೂತಿನ ಅಂಚಿನಲ್ಲಿ ಸಣ್ಣಗೆ ಸುಳಿ ಸುತ್ತಿ, ಒಳಗೆ ಇಳಿದುಹೋಗುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ಕೂತರು.