ಅಂಗಡಿಯ ಸೊಪ್ಪು, ಹಿತ್ತಿಲ ಸೊಪ್ಪು

ಯರ್ರಮ್ಮನ ಹಿತ್ತಿಲಲ್ಲಿ ಗಾಂಜಾ ಗಿಡ ಇದ್ದದ್ದು ಬೀದಿಗೆಲ್ಲ ಗೊತ್ತಿತ್ತು. ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ಯಾರ ಹಿತ್ತಿಲೂ ಗುಟ್ಟಲ್ಲ. ಅವಳ ಗಂಡ ಕಾಮಣ್ಣನಿಗೆ ಹೊಟ್ಟೆಯಲ್ಲಿ ಗಡ್ಡೆ ಎದ್ದಿತ್ತು. ನೋವು ಬಂದರೆ ಮಗ್ಗದ ಗುಂಡಿಯಿಂದ ಮೇಲೇಳಲಾರದೆ ಅಲ್ಲೇ ಮುದುಡಿಕೊಳ್ಳುತ್ತಿದ್ದ. ಆ ಸೊಪ್ಪನ್ನು ಹಾಲಲ್ಲಿ ಕುದಿಸಿ ಕುಡಿಸಿದರೆ ನಾಲ್ಕು ತುತ್ತು ಉಣ್ಣುತ್ತಿದ್ದ, ಒಂದಿಷ್ಟು ನಿದ್ದೆ ಮಾಡುತ್ತಿದ್ದ.

ಮಹಾರಾಜರ ಸರ್ಕಾರದ ಕಾನೂನಿನ ಪ್ರಕಾರ ಅದು ಅಪರಾಧ. ಗಾಂಜಾ ಮಾರುವ ಹಕ್ಕನ್ನು ಸರ್ಕಾರವೇ ಹರಾಜು ಹಾಕುತ್ತಿತ್ತು. ಹರಾಜಿನಲ್ಲಿ ಹಿಡಿದವನು ಪೇಟೆಯ ನಡುವೆ ಬೋರ್ಡು ಹಾಕಿಕೊಂಡು ಮಾರಬಹುದು. ಉಳಿದವರು ಒಂದೇ ಒಂದು ಗಿಡ ಬೆಳೆದರೂ ಜೈಲು. ಅಂಗಡಿಯ ಬೆಲೆ ನೇಕಾರರ ಕೂಲಿಗೆ ಭಾರ. ಆ ವರ್ಷ ಹರಾಜು ಹಿಡಿದಿದ್ದವನು ಜಂಬುಲಿಂಗಪ್ಪ. ಊರಿನ ಯಾವ ಊಟದಲ್ಲೂ ಮೊದಲ ಎಲೆ ಅವನದೇ.

ಒಂದು ಬೆಳಗ್ಗೆ ಅಬಕಾರಿ ಪೇದೆ ಬಂದು ಯರ್ರಮ್ಮನ ಗಿಡಗಳನ್ನು ಬೇರುಸಮೇತ ಕಿತ್ತ. ಜೊತೆಗೆ ಜಂಬುಲಿಂಗಪ್ಪನ ಆಳೂ ಇದ್ದ. ಜಾಗ ತೋರಿಸಿದವನು ಅವನೇ. ಯರ್ರಮ್ಮ ಪೇದೆಯ ಹಿಂದೆ ಹಿಂದೆ ಓಡಿದಳು. "ಮಂದು ಸಾಮೀ, ಮಂದು! ಔಷಧಿ ಕಣಪ್ಪಾ, ನನ್ನ ಗಂಡನ ಔಷಧಿ!" ಎಂದು ತನ್ನ ತೆಲುಗಿನಲ್ಲೂ ಕನ್ನಡದಲ್ಲೂ ಕೂಗಿದಳು. ಪೇದೆ ಗಿಡಗಳ ಜೊತೆ ಅವಳನ್ನೂ ಕರೆದುಕೊಂಡು ಹೋದ.

ಎದುರು ಮನೆಯ ಚಿತ್ತಮ್ಮ ಇದನ್ನೆಲ್ಲ ಹೊಸ್ತಿಲಲ್ಲಿ ನಿಂತು ನೋಡಿದಳು. ಆ ಬೀದಿಯಲ್ಲಿ ಗಾಂಜಾವನ್ನು ಅವಳಷ್ಟು ದ್ವೇಷಿಸುವವರು ಇನ್ನೊಬ್ಬರಿರಲಿಲ್ಲ. ಅವಳ ಒಬ್ಬನೇ ಮಗ ಬೊಮ್ಮಣ್ಣ ಜಂಬುಲಿಂಗಪ್ಪನ ಅಂಗಡಿಯ ಸೊಪ್ಪು ಸೇದಿ ಸೇದಿ ತಲೆ ಕೆಡಿಸಿಕೊಂಡು, ಬೈರಾಗಿಗಳ ಹಿಂದೆ ಹೋದವನು ತಿರುಗಿ ಬಂದಿರಲಿಲ್ಲ. ಆಗ ಅವಳು ಅಂಗಡಿಯ ಮುಂದೆ ಮಣ್ಣು ತೂರಿ ಶಾಪ ಹಾಕಿದ್ದಳು. "ಸರ್ಕಾರದ ಲೈಸೆನ್ಸು ಐತೆ ಕಣಮ್ಮ, ಶಾಪ ಹಾಕೋದಾದ್ರೆ ಮೈಸೂರಿಗೆ ಹೋಗಿ ಹಾಕು," ಎಂದು ಜಂಬುಲಿಂಗಪ್ಪ ನಕ್ಕಿದ್ದ.

ಅದೇ ಜಂಬುಲಿಂಗಪ್ಪ ಈಗ ಅವಳ ಜಗಲಿಗೆ ಬಂದು ಕೂತ.

"ಚಿತ್ತಮ್ಮಾ, ಸಾಕ್ಷಿಗೆ ನೀನು ಬರ್ಬೇಕು. ಗಿಡ ನೋಡಿದ್ದೆ ಅಂತ ಹೇಳಿದ್ರೆ ಸಾಕು. ಈ ಹಾಳು ಸೊಪ್ಪು ಊರು ಬಿಟ್ಟು ಹೋಗ್ಲಿ ಅಂತ ತಾನೆ ನಿನ್ನಾಸೆ?"

ಚಿತ್ತಮ್ಮ ಅವನ ಮುಖವನ್ನೇ ನೋಡಿದಳು. ಹಾಳು ಸೊಪ್ಪು! ಆ ಮಾತು ಅವನ ಬಾಯಲ್ಲಿ!

"ಬರ್ತೀನಿ," ಎಂದಳು. "ನೋಡಿದ್ದನ್ನ ನೋಡ್ದಂಗೆ ಹೇಳ್ತೀನಿ."

ಮೊಕದ್ದಮೆ ನಡೆದದ್ದು ಚಳ್ಳಕೆರೆಯಲ್ಲಿ. ಸಾಕ್ಷಿಯವರು ಗಾಡಿಯಲ್ಲಿ ಹೋಗಿ, ದಾರಿಯ ತಳಕು ಊರಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಮಾರನೆಯ ದಿನ ಕಚೇರಿ ತಲುಪಿದರು. ಜಗಲಿಯ ತುಂಬ ಬೇರೆ ಬೇರೆ ತಕರಾರಿನ ಜನ. ಕಂಬಳಿ ವ್ಯಾಪಾರಿಗಳ ನಡುವೆ ಯರ್ರಮ್ಮ ಸೆರಗು ಬಿಗಿಹಿಡಿದು ನಿಂತಿದ್ದಳು. ಚಿತ್ತಮ್ಮನನ್ನು ಸಾಕ್ಷಿಯ ಜಾಗದಲ್ಲಿ ಕಂಡು ಅವಳ ಮುಖ ಬಿಳಿಚಿಕೊಂಡಿತು.

"ಗಿಡ ನೋಡಿದ್ದೀಯಾ?" ಮ್ಯಾಜಿಸ್ಟ್ರೇಟರು ಕೇಳಿದರು.

"ನೋಡೀನಿ ಬುದ್ಧಿ. ಬೀದಿಯೋರೆಲ್ಲ ನೋಡ್ಯಾರೆ. ಇನ್ನೊಂದು ಕಡೆನೂ ನೋಡೀನಿ. ಪೇಟೆ ಬೀದೀಲಿ, ಇಲ್ಲಿ ನಿಂತಾರಲ್ಲ ಜಂಬುಲಿಂಗಪ್ಪನೋರು, ಇವರ ಅಂಗಡೀಲಿ. ಅದನ್ನ ಸೇದೇ ನನ್ನ ಮಗ ಹಾಳಾದ."

"ಕೇಳಿದ್ದಕ್ಕಷ್ಟೇ ಉತ್ತರ ಹೇಳು."

"ಅದನ್ನೇ ಹೇಳ್ತಿದೀನಿ ಬುದ್ಧಿ. ಈ ಸೊಪ್ಪು ವಿಷ ಅನ್ನೋದಾದ್ರೆ ಮೊದಲು ಅಂಗಡಿ ಮುಚ್ಚಿಸ್ರಿ. ವಿಷ ಅಲ್ಲ ಅನ್ನೋದಾದ್ರೆ ಈ ಹೆಣ್ಣುಮಗಳನ್ನ ಮನೆಗೆ ಕಳಿಸ್ರಿ. ಒಂದೇ ಸೊಪ್ಪು ಅವರ ಕೈಯಾಗೆ ವ್ಯಾಪಾರ, ಇವಳ ಕೈಯಾಗೆ ಕಳ್ಳತನ ಹೆಂಗಾಗುತ್ತೆ?"

ಜಗಲಿಯ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಮ್ಯಾಜಿಸ್ಟ್ರೇಟರು ಸಿಡುಕಲಿಲ್ಲ, ಅವರು ಕೆಟ್ಟವರೂ ಅಲ್ಲ. "ಅಂಗಡಿ ಮುಚ್ಚಿಸಿದರೆ ಜನ ಬಿಡುತ್ತಾರೆಯೇ ಅಮ್ಮ? ಬಳ್ಳಾರಿ ಕಡೆಯಿಂದ ಕದ್ದು ತರುತ್ತಾರೆ. ಎಲ್ಲರಿಗೂ ಬೆಳೆಯಲು ಬಿಟ್ಟರೆ ನಿನ್ನ ಮಗನಂಥವರು ಮನೆಗೊಬ್ಬರು ಆಗುತ್ತಾರೆ. ಅದಕ್ಕೇ ಸರ್ಕಾರ ಹಿಡಿತದಲ್ಲಿ ಇಟ್ಟುಕೊಂಡಿದೆ," ಎಂದರು.

"ಯಾರನ್ನ ಹಿಡಿತದಾಗೆ ಇಟ್ಕೊಂಡೈತೆ ಬುದ್ಧಿ? ನನ್ನ ಮಗನ್ನ ಯಾರೂ ಹಿಡೀಲಿಲ್ಲ. ಹಿಡಿದಿದ್ದು ಇವಳನ್ನ!"

ಮ್ಯಾಜಿಸ್ಟ್ರೇಟರು ಕಾಗದ ಎಳೆದುಕೊಂಡರು. ಯರ್ರಮ್ಮ ತಪ್ಪು ಒಪ್ಪಿಕೊಂಡಿದ್ದಳು, ಗಿಡಗಳು ಮೇಜಿನ ಕೆಳಗೆ ಬಾಡಿ ಬಿದ್ದಿದ್ದವು. ಮೂರು ತಿಂಗಳ ಸಜೆ ಎಂದು ಬರೆದು, ಮುಂದಿನ ಮೊಕದ್ದಮೆ ಕೂಗಿಸಿದರು. ದುರ್ಗದ ಜೈಲಿಗೆ ಕರೆದೊಯ್ಯುವಾಗ ಯರ್ರಮ್ಮ ಚಿತ್ತಮ್ಮನ ಕೈ ಹಿಡಿದುಕೊಂಡಳು.

"ಅಕ್ಕಾ, ಆಯಪ್ಪನಿಗೆ ಗಂಜಿ ಕಾಯಿಸಿ ಕೊಡು."

ಗಂಜಿಯೇನೋ ಚಿತ್ತಮ್ಮ ಕಾಯಿಸಿ ಕೊಟ್ಟಳು. ಅದು ಕಾಮಣ್ಣನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕುಡಿದದ್ದೆಲ್ಲ ವಾಂತಿಯಾಗುತ್ತಿತ್ತು. ನಾಟಿ ವೈದ್ಯರ ಗುಳಿಗೆ, ಸುಟ್ಟ ಬೆಳ್ಳುಳ್ಳಿ, ಓಮದ ಕಷಾಯ ಯಾವುದೂ ನಾಟಲಿಲ್ಲ. ಅವನು ಕೂಗಿಕೊಂಡರೆ ಬೀದಿಯ ಮಗ್ಗಗಳೆಲ್ಲ ನಿಂತುಹೋಗುತ್ತಿದ್ದವು.

"ಎಲ್ಲಾ ಅಂಗಡಿ ಮುಚ್ಚಿಸ್ಬೇಕು ಅಂತೀಯಲ್ಲಕ್ಕಾ," ಎಂದ ಅವನು ಒಂದು ಮಧ್ಯಾಹ್ನ, ಉಸಿರು ಹಿಡಿದು. "ಮುಚ್ಚಿಸಿದ್ರೆ ನನ್ನಂಥೋರ ಗತಿ ಏನು?"

ಚಿತ್ತಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ಮಗನನ್ನು ನುಂಗಿದ ಸೊಪ್ಪಿನ ಪರವಾಗಿ ಮಾತಾಡುತ್ತಿದ್ದಾನಲ್ಲ ಇವನು! ಆದರೆ ಅವನ ಕಣ್ಣುಗಳು ಗುಳಿ ಬಿದ್ದಿದ್ದವು. ಅವಳು ಸೆರಗು ಹೊದ್ದುಕೊಂಡು ಎದ್ದಳು. ಇನ್ನೆಂದೂ ಮೆಟ್ಟುವುದಿಲ್ಲ ಎಂದಿದ್ದ ಅಂಗಡಿಗೆ ನಡೆದಳು.

ಅಂದು ಸಂತೆ. ಜಂಬುಲಿಂಗಪ್ಪ ಗಾದಿಯ ಮೇಲೆ ಕೂತಿದ್ದ. ಪೇದೆ ಪಕ್ಕದಲ್ಲೇ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

"ಓಹೋ, ಚಿತ್ತಮ್ಮ! ನೀನು ಯಾವಾಗಿಂದ ಶುರು ಮಾಡ್ದೆ?"

ಚಿತ್ತಮ್ಮ ದುಡ್ಡು ಇಟ್ಟಳು. ಅವನು ತೂಗಿ ಪೊಟ್ಟಣ ಕಟ್ಟಿ, ಮೇಲೆ ಮೊಹರು ಒತ್ತಿ ಕೊಟ್ಟ. "ಮೊಹರು ಹರೀಬ್ಯಾಡ. ಯಾರಾದ್ರೂ ಹಿಡಿದ್ರೆ ತೋರ್ಸು."

ಆ ಮಾತು ಕೇಳಿ ಅವಳ ಮೈ ಉರಿದುಹೋಯಿತು. ಪೊಟ್ಟಣ ಹಿಡಿದು ಸಂತೆಯ ನಡುವೆ ನಿಂತಳು. ಪೇದೆಯ ಮೂಗಿನ ಕೆಳಗೆ ಅದನ್ನು ಹಿಡಿದು, "ಹಿಡಿಯೋ ನನ್ನನ್ನ! ಅದೇ ಸೊಪ್ಪು, ಅದೇ ಕಾಮಣ್ಣನಿಗೆ ಒಯ್ತಿದೀನಿ. ಅವನ ಹೆಂಡ್ತಿನ ಎಳ್ಕೊಂಡು ಹೋದ್ಯಲ್ಲ, ನನ್ನನ್ನೂ ಎಳ್ಕೊಂಡು ಹೋಗು!" ಎಂದು ಕಿರುಚಿದಳು.

ಬಳೆಯವರು, ಮೆಣಸಿನಕಾಯಿಯವರು, ಸೀರೆಗಂಟು ಹೊತ್ತ ನೇಕಾರರು ಸುತ್ತ ಸೇರಿದರು. ಪೇದೆ ನೆಲ ನೋಡಿದ. "ಅದು ಅಂಗಡೀದು ಕಣವ್ವ. ಹಿಡಿಯಂಗಿಲ್ಲ."

"ಕೇಳಿದ್ರೇನ್ರಪ್ಪಾ!" ಚಿತ್ತಮ್ಮ ಜನರತ್ತ ತಿರುಗಿದಳು. "ನನ್ನ ಮಗನ್ನ ಕೆಡಿಸಿದ್ದು ಅಂಗಡೀದು, ಅದಕ್ಕೆ ತಪ್ಪಿಲ್ಲ. ಯರ್ರಮ್ಮ ಗಂಡನ್ನ ಉಳಿಸ್ಕೊಂಡಿದ್ದು ಹಿತ್ತಿಲದು, ಅದಕ್ಕೆ ಜೈಲು. ಇವರಿಗೆ ಸೇದೋನ ಚಿಂತೆ ಇಲ್ಲ, ಸಾಯೋನ ಚಿಂತೆ ಇಲ್ಲ. ಹರಾಜಿನ ದುಡ್ಡಿಗೆ ಕಲ್ಲು ಬೀಳ್ಬಾರ್ದು, ಅಷ್ಟೇ!"

ಜಂಬುಲಿಂಗಪ್ಪ ನಗಲು ನೋಡಿದ; ಜೊತೆಗೆ ನಗುವವರು ಸಿಗಲಿಲ್ಲ. ಅಂಗಡಿಯಂತೂ ಮುಚ್ಚಲಿಲ್ಲ. ಚಿತ್ತಮ್ಮ ತನ್ನ ಕೈಯಾರೆ ಆ ಸೊಪ್ಪನ್ನು ಹಾಲಲ್ಲಿ ಕುದಿಸಿದಳು, ವಾಸನೆಗೆ ಮಗನ ನೆನಪಾಗಿ ಮುಖ ಆ ಕಡೆ ಮಾಡಿಕೊಂಡಳು, ಸೋಸಿ ಕಾಮಣ್ಣನಿಗೆ ಕುಡಿಸಿದಳು.

ಯರ್ರಮ್ಮ ಜೈಲಿನಿಂದ ಬಂದಾಗ ಅಂಗೈ ತುಂಬ ರಾಗಿ ಬೀಸಿದ ಬೊಬ್ಬೆಗಳಿದ್ದವು. ಜೈಲು ಕಂಡ ಹೆಂಗಸು ಎಂದು ಬೀದಿಯ ಹಿರಿಯರು ಅವಳ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ದಂಡ ಕೊಟ್ಟು ಶುದ್ಧಿಯಾಗಬೇಕು ಎಂದರು. ಚಿತ್ತಮ್ಮ ಅವರೆದುರೇ ಹೋಗಿ ಯರ್ರಮ್ಮನ ಕೈಯಿಂದ ಚೊಂಬು ಇಸಿದುಕೊಂಡು ಗಟಗಟ ಕುಡಿದಳು. "ಜಂಬುಲಿಂಗಪ್ಪನಿಗೆ ಮೊದಲ ಎಲೆ ಹಾಕೋರು ನೀವು. ಶುದ್ಧಿ ಮಾತು ನಿಮ್ಮ ಬಾಯಾಗೆ ಬರ್ಬಾರ್ದು," ಎಂದಳು. ಮರುದಿನ ಪಕ್ಕದ ಮನೆಯ ಸೂರಮ್ಮ ಬಂದು ಕುಡಿದಳು. ಆಮೇಲೆ ದಂಡದ ಮಾತು ಯಾರೂ ಎತ್ತಲಿಲ್ಲ.

ಇಬ್ಬರು ಹೆಂಗಸರಿಗೂ ಈ ವಿಷಯದಲ್ಲಿ ಒಮ್ಮತ ಮಾತ್ರ ಆಗಲಿಲ್ಲ. ಎಲ್ಲರೂ ಬೆಳೆದುಕೊಳ್ಳಲಿ, ಯಾರು ಕೇಳಬೇಕು ಎನ್ನುತ್ತಿದ್ದಳು ಯರ್ರಮ್ಮ. ಬೇರು ಸಹಿತ ಹೋಗಬೇಕು, ರೋಗಿಗಳಿಗೆ ಆಸ್ಪತ್ರೆಯವರು ಕೊಡಲಿ ಎನ್ನುತ್ತಿದ್ದಳು ಚಿತ್ತಮ್ಮ. ನೂಲು ಸುತ್ತುತ್ತಾ ಜಗಳವಾಡುತ್ತಿದ್ದರು.

ಕಾಮಣ್ಣ ಆ ಚಳಿಗಾಲದಲ್ಲಿ, ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು, ಹೆಚ್ಚು ನರಳದೆ ಸತ್ತ. ಜಂಬುಲಿಂಗಪ್ಪ ಹಾರ ಹಿಡಿದು ಬಂದ. ಗಿಡ ಕಿತ್ತ ಮೇಲೆ ಸೊಪ್ಪೆಲ್ಲ ಅವನ ಅಂಗಡಿಯದೇ ಆಗಿತ್ತಲ್ಲ, ಒಳ್ಳೆಯ ಗಿರಾಕಿಯ ಮನೆಗೆ ಬಂದಂತೆ ಬಂದ. ಯರ್ರಮ್ಮ ಅಳುವುದನ್ನು ನಿಲ್ಲಿಸಿ ಎದ್ದು ಬಾಗಿಲಿಗೆ ಅಡ್ಡ ನಿಂತಳು. ಚಿತ್ತಮ್ಮ ಅವಳ ಪಕ್ಕದಲ್ಲಿ ನಿಂತಳು.

"ಹೊಸ್ತಿಲು ದಾಟ್ಬ್ಯಾಡ," ಎಂದಳು ಯರ್ರಮ್ಮ. "ಅಲ್ಲಿಂದಲೇ ಹೋಗು."

ಊರಿನವರೆಲ್ಲ ನೋಡುತ್ತಿದ್ದರು. ಅವನು ಹಾರ ಹಿಡಿದುಕೊಂಡೇ ಹೋದ.