ದೊಡ್ಡದು ಮೊದಲು ನಡೆಯಬೇಕು

ಅಪ್ಪನ ಹೆಣ ಮಲಗಿಸಿದ ಕೋಣೆಯಲ್ಲಿ ಜಾಗ ಸಾಲದೆಂದು ಸುರಭಿ ಮೇಜಿನ ಮೇಲಿನ ಕರಿ ಬಟ್ಟೆಯನ್ನು ಗಂಟು ಕಟ್ಟುತ್ತಿದ್ದಳು. ಒಳಗೆ ಅಂಗಿಗುಂಡಿಗಳು ಸದ್ದು ಮಾಡಿದವು. ಅಷ್ಟರಲ್ಲಿ ಕೋಣೆ ಕತ್ತಲಾಯಿತು. ದೊಡ್ಡಪ್ಪ ವಿಜಯೀಂದ್ರರಾಯರು ಬಾಗಿಲಲ್ಲಿ ನಿಂತರೆ ಮಾಳಮಡ್ಡಿಯ ಆ ಮನೆಗೆ ಬೆಳಕೂ ಅವರ ಅಪ್ಪಣೆ ಕೇಳಿಯೇ ಬರಬೇಕು.

“ತಮ್ಮ ಯಜ್ಞ್ಯಾನ್ನ ಹುಬ್ಬಳ್ಳಿಗೆ ಒಯ್ಯೋಣು. ದೇಶಪಾಂಡೆ ನಗರದ ನಮ್ಮ ಮನಿಯಿಂದನ ಎತ್ತೋದು. ದೊಡ್ಡ ದೊಡ್ಡ ಮಂದಿ ಬರ್ತಾರ. ಈ ಸಂದ್ಯಾಗ ಯಾರು ಬರಬೇಕು?”

ಆ ಮನೆಗೆ ಅಪ್ಪ ವರ್ಷಕ್ಕೊಮ್ಮೆ ಹೋಗಿ, ಪಡಸಾಲೆಯಲ್ಲೇ ಕೂತು, ಚಹಾ ಕುಡಿದ ಕಪ್ಪನ್ನು ತಾನೇ ತೊಳೆದಿಟ್ಟು ಬರುತ್ತಿದ್ದ. ಹಾಸಿಗೆ ಹಿಡಿದ ಮೇಲೆ ಅವನು ಕೇಳಿದ್ದು ಒಂದೇ: “ನನ್ನ ಈ ಮನಿಯಿಂದನ ಕಳಸ್ರಿ.”

“ದೊಡ್ಡಪ್ಪಾ, ಅಪ್ಪಾ ಹೇಳಿದ್ದಾ...”

“ಏನು?”

“ಏನಿಲ್ರಿ.”

* * *

ಸುರಭಿಯ ಅಪ್ಪ ಯಜ್ಞೇಶ್ವರ, ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಭಾನುವಾರ ಹಳೆಯ ಕರಿ ಛತ್ರಿಬಟ್ಟೆಯ ಮೇಲೆ ಸುಣ್ಣದ ಚುಕ್ಕಿ ಇಟ್ಟು ಅದನ್ನು ಆಕಾಶ ಎನ್ನುತ್ತಿದ್ದ. ಅಲ್ಲಿ ಅವನೇ ಕಟ್ಟಿದ ಆಟ, ಆಕಾಶದ ಹಡಗುಗಳ ಕಾಳಗ. ದೊಡ್ಡ ಹಡಗು, ಬಡಿಗತನದ ಅಲ್ಲಾಸಾಬ ಸಾಗವಾನಿಯಲ್ಲಿ ಕೆತ್ತಿದ್ದು. ಸಣ್ಣವು, ಅಂಗಿಗುಂಡಿಗಳು. ತೋಪು ಹೆಚ್ಚು ಕೊಟ್ಟರೆ ದೊಡ್ಡದು ಗುಂಡಿಗಳನ್ನು ಚುರುಮುರಿಯಂತೆ ಮುಕ್ಕುತ್ತಿತ್ತು. ಗುಂಡಿ ಹೆಚ್ಚಿಸಿದರೆ ದೊಡ್ಡದೇ ಇರುವೆ ಮುತ್ತಿದ ಬೆಲ್ಲದಂತೆ ಕರಗುತ್ತಿತ್ತು. ಇವೆರಡನ್ನು ಸರಿದೂಗಿಸುವುದರಲ್ಲೇ ಸುರಭಿಯ ಶಾಲೆಯ ದಿನಗಳು ಮುಗಿದವು. ಕೊನೆಗೊಂದು ನೇಮ ನಿಂತಿತು: ದೊಡ್ಡದು ಮೊದಲು ನಡೆಯಬೇಕು, ನಡೆದದ್ದು ಥಟ್ಟನೆ ತಿರುಗುವಂತಿಲ್ಲ. ಆಮೇಲೆ ಸಣ್ಣವು, ಒಂದೊಂದಾಗಿ.

“ರಾಯರ, ಇದಕ್ಕ ನಿಮ್ಮ ಅಣ್ಣಾರ ಮೂಗು ಕೆತ್ತಲೇನ್ರಿ?” ಎಂದು ಅಲ್ಲಾಸಾಬ ನಕ್ಕರೆ ಯಜ್ಞೇಶ್ವರ ಬಾಗಿಲ ಕಡೆ ನೋಡುತ್ತಿದ್ದ. ಅಣ್ಣ ಇರುತ್ತಿದ್ದದ್ದೋ ರಾಯಾಪುರದಾಚೆ, ದೂರದ ಹುಬ್ಬಳ್ಳಿಯಲ್ಲಿ.

“ದೊಡ್ಡದು ಮೈಮ್ಯಾಲೆ ಬರೂತನಕಾ ಕಾಯೋದಂದ್ರ ಭಾಳ ಅಂಜಿಕಿ ಆಗ್ತದ, ಅಪ್ಪಾ,” ಎಂದಿದ್ದಳು ಸುರಭಿ ಒಮ್ಮೆ.

“ಆಗಲಿ. ಅಂಜಿದಾಂವಗ ಕಾಯೋದು ಗೊತ್ತಿರತದ. ನಾ ಜನ್ಮಾ ಪೂರಾ ಅದನ್ನ ಮಾಡೀನಿ. ಬರೇ ನನ್ನ ಪಾಳಿ ಬಂದಾಗ ಏಳಲಿಲ್ಲ, ಅಷ್ಟ.”

* * *

“ಗಾಡಿ ನಾನ ತರ್ತೀನಿ,” ಎಂದು ದೊಡ್ಡಪ್ಪ ಹೊರಟರು. ಇನ್ನೊಬ್ಬರು ತಂದ ಗಾಡಿಯನ್ನು ನಂಬುವ ಪೈಕಿ ಅಲ್ಲ ಅವರು. “ನಾ ಬರೂತನಕಾ ಯಾರೂ ಏನೂ ಮಾಡಬ್ಯಾಡ್ರಿ.”

ಕಾರಿನ ಸದ್ದು ಅಡಗಿತು. ಸುರಭಿ ಗೋಡೆಗೊರಗಿ ನಿಂತಿದ್ದ ಅಲ್ಲಾಸಾಬನತ್ತ ತಿರುಗಿದಳು.

“ಕಾಕಾ,” ಎಂದಳು, “ದೊಡ್ಡದು ನಡೀತು.”

ಅವನು ಅವಳ ಮುಖ ನೋಡಿದ. ಗೋಡೆಯಿಂದ ಬೆನ್ನು ತೆಗೆದ. “ಚಟ್ಟಕ್ಕ ಬಿದಿರು ತರ್ತೇನವ್ವಾ.”

ತಾಯಿ ಮಂದಾಕಿನಿ ಎದ್ದು ನೀರಿಗೆ ಕೊಡ ಎತ್ತಿಕೊಂಡಳು.

“ದೊಡ್ಡ ರಾಯರು ಬಂದು ಬೈದ್ರ?” ಎಂದರು ಕರ್ಮ ಮಾಡಿಸಲು ಬಂದಿದ್ದ ಭಟ್ಟರು.

“ನನಗ ಬೈತಾರ. ನೀವು ಮಂತ್ರಾ ಹೇಳ್ರಿ,” ಎಂದಳು ಸುರಭಿ.

ಅಂಗಳದಲ್ಲಿ ಅಲ್ಲಾಸಾಬ ಚಟ್ಟ ಕಟ್ಟುವಾಗ ನೆರೆಮನೆಯ ಗುಡ್ಡಪ್ಪ, “ಭಾಳ ದಿನಾ ಬಾಳೂ ಹಂಗ ಕಟ್ಟಾಕತ್ತಿಯಲ್ಲೋ! ಇದೇನು ಕುರ್ಚೇನು, ರಿಪೇರಿಗೆ ವಾಪಸ್ ಬರಾಕ?” ಎಂದ. ಯಾರೂ ನಗಲಿಲ್ಲ; ಎಲ್ಲರ ಕಿವಿ ರಸ್ತೆಯಲ್ಲಿತ್ತು. ಒಂದೊಂದು ಹಾರ್ನಿಗೂ ಸುರಭಿ ಬಾಗಿಲಿಗೆ ಹೋಗಿ ಸಂದಿಯ ತುದಿ ನೋಡಿ ಬರುತ್ತಿದ್ದಳು.

“ಬೆಂಕಿ ಮಡಕಿ ಯಾರು ಹಿಡೀತಾರ?” ಭಟ್ಟರು ಗಂಡಸರತ್ತ ನೋಡಿದರು.

ಕೈ ಚಾಚಿದ್ದು ತಾನೇ ಎಂದು ಸುರಭಿಗೆ ಗೊತ್ತಾದದ್ದು ಬಿಸಿ ತಾಗಿದ ಮೇಲೆ.

ಹೆಣ ಎತ್ತಿ ನಾಲ್ಕು ಮನೆ ದಾಟಿರಲಿಲ್ಲ, ಬಿಳಿ ಟೆಂಪೋ ಸಂದಿಗೆ ನುಗ್ಗಿತು. ಡ್ರೈವರನ ಪಕ್ಕ ದೊಡ್ಡಪ್ಪ. ಹಿಂದೆ ಹೆಗಲು ಕೊಟ್ಟವರ ಹೆಜ್ಜೆ ನಿಂತವು. ಸುರಭಿಗೆ ಮಡಕೆ ಅಲ್ಲೇ ಇಟ್ಟು ಓಡಬೇಕೆನಿಸಿತು.

“ಎತ್ತಿದ ಹೆಣಾ ಮನಿಗೆ ತಿರಗಸಬಾರದು,” ಎಂದು ಭಟ್ಟರು ಕಣ್ಣು ಮುಚ್ಚಿಕೊಂಡು, ಶಾಸ್ತ್ರಕ್ಕೆ ಬೇಕಾದದ್ದಕ್ಕಿಂತ ಜೋರಾಗಿ ಹೇಳಿದರು.

ದೊಡ್ಡಪ್ಪ ಟೆಂಪೋದ ಬಾಗಿಲು ತಳ್ಳಿದರು. ಅದು ಗೋಡೆಗೆ ಬಡಿದು ನಿಂತಿತು. ಇನ್ನೊಮ್ಮೆ ತಳ್ಳಿದರು. ಆಚೆ ಬದಿಗೂ ಗೋಡೆಯೇ. ಗಾಜಿನ ಹಿಂದೆ ಅವರ ಬಾಯಿ ಏನೋ ಒದರುತ್ತಿತ್ತು, ಏನೆಂದು ಕೇಳಿಸಲಿಲ್ಲ.

ಸುರಭಿ ಒಂದು ಹೆಜ್ಜೆ ಇಟ್ಟಳು. ಮಡಕೆಯಿಂದ ಕಿಡಿ ಹಾರಿತು.

ಟೆಂಪೋ ಒಂದು ಗೇಣು ಹಿಂದೆ ಸರಿಯಿತು.

ಅವಳು ಇನ್ನೊಂದು ಹೆಜ್ಜೆ ಇಟ್ಟಳು. ಹೊಗೆ ಹೋಗಿ ಗಾಜಿಗೆ ಮುತ್ತಿತು. ಡ್ರೈವರ್ ರೂಢಿಯಂತೆ ವೈಪರ್ ಹಾಕಿದ. ಅದು ದೊಡ್ಡಪ್ಪನ ಮುಖದ ಮುಂದೆ ಅತ್ತಿಂದಿತ್ತ ಆಡುತ್ತಿರಲು, ಟೆಂಪೋ ಸಂದಿಯಲ್ಲಿ ಹಿಂದೆ ಹಿಂದೆ ಹೋಯಿತು.